ರಜೆ ಐತಾ ಸಾರ್?

ಮಳೆಗೆ ರಜೆ ಕೊಡುವುದು ಮಂಗಳೂರು ಕಡೆಯವರ ರೂಢಿ ಎಂದು ನಮ್ಮ ಸೀಮೆಯಲ್ಲಿ ಬಹಳ ಕಾಲ ಎಲ್ಲರೂ ನಂಬಿದ್ದರು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಮಳೆ ಬಂದರೆ ಶೇಂಗಾ ಬಿತ್ತುತ್ತಾರೆ, ಕೆರೆ ಕೋಡಿ ಬಿದ್ದರೆ ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಾರೆ. ಅಂಥ ದಿನ ಕಾಲೇಜಿಗೆ ಬೀಗ ಹಾಕುವ ಮಾತು ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಈ ಎರಡೂ ಇವೆ. ವರ್ಷವಿಡೀ ಬೀಳುವುದು ಐನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯ ಆಷಾಢ ಅಷ್ಟನ್ನು ಒಂದು ವಾರದಲ್ಲಿ ಸುರಿದು ಕೈ ತೊಳೆದುಕೊಳ್ಳುತ್ತದೆ.

ಈಚಿನ ವರ್ಷಗಳಲ್ಲಿ ಮಾತ್ರ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಬೆಳಗಿನ ಜಾವ ಫೋನುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: "ಇವತ್ತು ಕಾಲೇಜು ಐತಾ ಸಾರ್, ರಜೆ ಐತಾ?" ಉತ್ತರ ಯಾರ ಬಳಿ ಇದೆ ಎಂದು ಹುಡುಕಹೊರಟವನಿಗೆ ತಲೆ ಕೆಟ್ಟಿದ್ದೇ ಬಂತು. ಆ ಗೊಂದಲವನ್ನೇ ಇಲ್ಲಿ ಗುರುತು ಹಾಕಿಕೊಂಡಿದ್ದೇನೆ.

*

ಪ್ರಾಂಶುಪಾಲರಿಗೆ ರಜೆ ಕೊಡುವ ಅಧಿಕಾರ ಇಲ್ಲವೇ? ಊರಿನವರ ಲೆಕ್ಕದಲ್ಲಿ ಉಂಟು. ಕಾಲೇಜಿನ ಬೀಗದ ಕೈ ಅವರ ಬಳಿಯೇ ಇದೆಯಲ್ಲ! ಆದರೆ ಬೀಗದ ಕೈ ಬೇರೆ, ಬೀಗ ಹಾಕುವ ಹುಕುಂ ಬೇರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮಳೆ ಜೋರಾದರೆ ರಜೆಯ ಆದೇಶಕ್ಕೆ ಸಹಿ ಬೀಳುವುದು ಅವರದೇ. ಹುಡುಗರ ಬಾಯಲ್ಲಿ ಇದು ಆಗಲೇ ಗಾದೆಯ ಮಟ್ಟಕ್ಕೆ ಏರಿದೆ: "ಡಿಸಿ ಮನಸ್ಸು ಮಾಡ್ಬೇಕು." ಜಾಲತಾಣಗಳಲ್ಲಿ ಜಿಲ್ಲಾಧಿಕಾರಿಗಳಿಗೆ ರಜೆ ಬೇಡಿ ಹಾಕುವ ಮೊರೆಗಳನ್ನು ಓದಿದರೆ, ಹಿಂದೆ ಮಳೆ ಬೇಡಿ ದೇವರಿಗೆ ಇಡುತ್ತಿದ್ದ ಮೊರೆಗಳು ಎಲ್ಲಿ ಹೋದವು ಎಂದು ತಿಳಿಯುತ್ತದೆ.

ಸಹಿ ಬಿದ್ದ ಮೇಲೂ ಗೊಂದಲ ಮುಗಿಯುವುದಿಲ್ಲ. ಆದೇಶದಲ್ಲಿ 'ಶಾಲಾ-ಕಾಲೇಜು' ಎಂದಿರುತ್ತದೆ. ಯಾವ ಕಾಲೇಜು? ಪದವಿಪೂರ್ವ ಕಾಲೇಜು ಶಾಲಾ ಶಿಕ್ಷಣ ಇಲಾಖೆಯದು. ಪದವಿ ಕಾಲೇಜು ಕಾಲೇಜು ಶಿಕ್ಷಣ ಇಲಾಖೆಯದು, ಪಾಠದ ವೇಳಾಪಟ್ಟಿ ಮತ್ತು ಪರೀಕ್ಷೆ ವಿಶ್ವವಿದ್ಯಾಲಯದ್ದು. ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 2009ರಿಂದೀಚೆಗೆ ದಾವಣಗೆರೆ ವಿಶ್ವವಿದ್ಯಾಲಯಕ್ಕೆ. ಹೀಗಾಗಿ ಒಂದೇ ಬೀದಿಯ ಎರಡು ಕಾಲೇಜುಗಳು ಮಳೆಯ ದಿನ ಎರಡು ಬೇರೆ ದೇಶಗಳಂತೆ ನಡೆದುಕೊಳ್ಳುವುದು ಸಾಧ್ಯ.

ಈ ತಾರತಮ್ಯ ನಮ್ಮ ಜಿಲ್ಲೆಯೊಂದರ ಸ್ವತ್ತಲ್ಲ. 2024ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಮಳೆಗೆ ರಜೆ ಘೋಷಿಸಿದಾಗ ಅಂಗನವಾಡಿ, ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ರಜೆ ಸಿಕ್ಕಿತು, ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಸಿಗಲಿಲ್ಲ. ದೊಡ್ಡವರು ನೆನೆದರೂ ತಡೆದುಕೊಳ್ಳುತ್ತಾರೆ ಎಂಬ ತರ್ಕ ಇರಬೇಕು. ನಗರಕ್ಕೆ ಅದು ಸರಿಯಾದೀತು. ನಮ್ಮಲ್ಲಿ ಪಿಯುಸಿ ಓದುವ ತಮ್ಮ, ಬಿ.ಎ. ಓದುವ ಅಕ್ಕ ಇಬ್ಬರೂ ಒಂದೇ ಹಟ್ಟಿಯಿಂದ ಒಂದೇ ಬಸ್ಸಿಗೆ ಬರುವವರು. ಹಳ್ಳದ ನೀರು ತಮ್ಮನಿಗೆ ಎದೆಮಟ್ಟ, ಅಕ್ಕನಿಗೆ ಮೊಣಕಾಲಮಟ್ಟ ಇರುತ್ತದೆಯೇ?

*

ಸರ್ಕಾರದ ಗಡಿಯಾರ ಮತ್ತು ಹಟ್ಟಿಯ ಗಡಿಯಾರ. ರಾತ್ರಿ ಹತ್ತಕ್ಕೋ ಮುಂಜಾನೆ ಏಳಕ್ಕೋ ಹೊರಟ ಆದೇಶ ಜಿಲ್ಲಾ ಕೇಂದ್ರದ ಮಟ್ಟಿಗೆ ಸಕಾಲದ್ದೇ. ಅಲ್ಲಿ ವಿದ್ಯಾರ್ಥಿ ಮನೆ ಬಿಡುವುದು ಒಂಬತ್ತಕ್ಕೆ. ಪರಶುರಾಂಪುರದ ಆಚೆಯ ಹಳ್ಳಿಯ ಹುಡುಗಿ ಚಳ್ಳಕೆರೆಗೆ ಬರಬೇಕಾದರೆ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಬೇಕು. ಎರಡನೆಯದು ಬರುತ್ತದೋ ಇಲ್ಲವೋ ದೇವರೇ ಬಲ್ಲ. ರಜೆಯ ಸುದ್ದಿ ಬರುವ ಹೊತ್ತಿಗೆ ಅವಳು ಅರ್ಧ ದಾರಿಯಲ್ಲಿರುತ್ತಾಳೆ. ಇಳಿದರೆ ಮರಳುವ ಬಸ್ಸಿಲ್ಲ, ಇಳಿಯದಿದ್ದರೆ ಮುಚ್ಚಿದ ಕಾಲೇಜಿನ ಗೇಟು. ಇಂಥ ರಜೆಗೆ ಹಾಜರಾತಿಯ ಪುಸ್ತಕದಲ್ಲಿ ಏನು ಬರೆಯಬೇಕು?

ಇನ್ನೊಂದು ತಮಾಷೆ. ಹಳೆಯ ಆದೇಶದ ದಿನಾಂಕ ತಿದ್ದಿ ವಾಟ್ಸ್ಆ್ಯಪ್‌ಗೆ ಬಿಡುವ ಕಲಾವಿದರು ಎಲ್ಲ ಜಿಲ್ಲೆಗಳಲ್ಲೂ ಹುಟ್ಟಿಕೊಂಡಿದ್ದಾರೆ. ಸುಳ್ಳು ಆದೇಶ ಸಂಜೆಯೇ ಬಂದಿರುತ್ತದೆ, ನಿಜವಾದದ್ದು ಬೆಳಿಗ್ಗೆ ಬರುತ್ತದೆ. ವೇಳೆಗೆ ಸರಿಯಾಗಿ ಬಂದದ್ದನ್ನು ಹುಡುಗರು ನಂಬಿದರೆ ತಪ್ಪು ಹುಡುಗರದೇ ಎನ್ನಲು ನನಗೆ ಬಾಯಿ ಬರುವುದಿಲ್ಲ.

*

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗರಾಮೇಶ್ವರದಲ್ಲೂ ಅದರ ಪ್ರತಿಗಳಿವೆ. ಓದಿದವರಿಗೆ ಗೊತ್ತು, ಅದು ನೇರವಾಗಿ ರಾಜನಿಂದ ಬಂದದ್ದಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕುಶಲ ವಿಚಾರಿಸಿ, ಆಮೇಲೆ ಆದೇಶವನ್ನು ದಾಟಿಸಿದ್ದಾರೆ. ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ಖರೋಷ್ಠಿ ಲಿಪಿಯಲ್ಲಿ ತನ್ನ ಗುರುತು ಹಾಕಿದ್ದಾನೆ. ಇಲ್ಲಿ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಸಹಿ ಹಾಕುವ ಸರ್ಕಾರಿ ಪದ್ಧತಿ ಎಷ್ಟು ಹಳೆಯದು ನೋಡಿ.

ಮೇಲಿನಿಂದ ಕೆಳಕ್ಕೆ, ಕೇಂದ್ರದಿಂದ ಗಡಿಗೆ, ಒಬ್ಬರಿಂದ ಇನ್ನೊಬ್ಬರಿಗೆ ಆದೇಶ ಇಳಿದು ಬರುವುದು ಈ ನೆಲಕ್ಕೆ ಹೊಸತಲ್ಲ ಎನ್ನುವುದಕ್ಕೆ ಇದನ್ನು ಬರೆದುಕೊಂಡೆ. ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತೂ ಆ ಶಾಸನದಲ್ಲಿದೆ. ಆಚಾರ್ಯ ಶಿಷ್ಯನಿಗೆ ಎಷ್ಟು ಹೊತ್ತಿಗೆ ಸುದ್ದಿ ಮುಟ್ಟಿಸಬೇಕು ಎಂಬುದಿಲ್ಲ. ಒಂದು ಅನುಕೂಲವನ್ನಂತೂ ಒಪ್ಪಲೇಬೇಕು. ಬಂಡೆಯ ಮೇಲಿನ ಆದೇಶದ ದಿನಾಂಕವನ್ನು ಯಾರೂ ತಿದ್ದಲಾರರು.

*

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ 'ಭಾರಿ ಮಳೆ', 204.4 ದಾಟಿದರೆ 'ಅತ್ಯಂತ ಭಾರಿ'. ಮಂಗಳೂರಿಗೂ ಮೊಳಕಾಲ್ಮುರಿಗೂ ಇದೇ ಅಳತೆ. ಕರಾವಳಿಗೆ 65 ಮಿಲಿಮೀಟರ್ ಎಂದರೆ ಜುಲೈ ತಿಂಗಳ ಒಂದು ಮಾಮೂಲಿ ದಿನ. ನಮಗೆ ಅದು ಇಡೀ ವರ್ಷದ ಮಳೆಯ ಎಂಟನೆಯ ಒಂದು ಪಾಲು, ಒಂದೇ ರಾತ್ರಿಯಲ್ಲಿ. ಇಲ್ಲಿನ ಹಳ್ಳಗಳು ವರ್ಷದ ಬಹುಪಾಲು ರಸ್ತೆಯಂತೆಯೇ ಇರುತ್ತವೆ. ಅವುಗಳ ಮೇಲೆ ಸೇತುವೆ ಕಟ್ಟದೆ ಕಾಂಕ್ರೀಟು ಹಾಸಿ ಬಿಟ್ಟಿರುವ ಕಡೆಗಳೂ ಇವೆ. ನಲವತ್ತು ಮಿಲಿಮೀಟರಿಗೇ ಅವು ತುಂಬುತ್ತವೆ. ಆ ದಿನ ಯಾವ ಬಣ್ಣದ ಎಚ್ಚರಿಕೆಯೂ ಇರುವುದಿಲ್ಲ, ಆದರೆ ಅರ್ಧ ತರಗತಿ ಖಾಲಿ.

ಜಿಲ್ಲೆ ಎಂಬ ಗೆರೆಯೂ ನನಗೆ ಸೋಜಿಗವೇ. ಹೊಳಲ್ಕೆರೆ ಮಲೆನಾಡಿನ ಸೆರಗು ಹಿಡಿದಿದೆ, ಮೊಳಕಾಲ್ಮುರು ಬಳ್ಳಾರಿ ಮತ್ತು ರಾಯದುರ್ಗದ ಬಿಸಿಲಿಗೆ ಮೈಯೊಡ್ಡಿದೆ. ಅಲ್ಲಿ ಸುರಿಯುವಾಗ ಇಲ್ಲಿ ಧೂಳು. ಆದರೂ ರಜೆ ಬಂದರೆ ಇಡೀ ಜಿಲ್ಲೆಗೆ, ಬರದಿದ್ದರೆ ಯಾರಿಗೂ ಇಲ್ಲ. ಧೂಳಿನಲ್ಲಿ ಕೂತು ಮಳೆಯ ರಜೆ ಅನುಭವಿಸುವ ಭಾಗ್ಯ ನಮ್ಮ ಹುಡುಗರಿಗೆ ಸಿಗುವುದು ಹೀಗೆ. ಕರಾವಳಿಯಲ್ಲಿ ಎಷ್ಟೋ ಸಲ ತಾಲ್ಲೂಕುವಾರು ರಜೆ ಘೋಷಿಸುತ್ತಾರೆ. ಒಂದು ತಾಲ್ಲೂಕಿಗೆ ಉಂಟು, ಪಕ್ಕದ್ದಕ್ಕೆ ಇಲ್ಲ. ಅಲ್ಲಿ ಅದು ರೂಢಿಯಾಗಿದೆ, ಯಾರೂ ಜಗಳವಾಡುವುದಿಲ್ಲ.

ಅಂಕಿಅಂಶ ಇಲ್ಲ ಎಂದು ನೆಪ ಹೇಳುವಂತೆಯೂ ಇಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅವು ತಾವಾಗಿಯೇ ಲೆಕ್ಕ ಕಳಿಸುತ್ತವೆ. ಆ ಕೇಂದ್ರ ಹುಟ್ಟಿದ್ದು 1988ರಲ್ಲಿ, ಬರ ಉಸ್ತುವಾರಿ ಕೋಶವಾಗಿ, ನಮ್ಮಂಥ ಸೀಮೆಗಳ ಸಂಕಟಕ್ಕಾಗಿಯೇ. ತಳಕಿನಲ್ಲಿ ಎಷ್ಟು ಬಿತ್ತು, ನಾಯಕನಹಟ್ಟಿಯಲ್ಲಿ ಎಷ್ಟು ಬಿತ್ತು ಎಂಬುದು ರಾತ್ರಿಯೇ ಯಲಹಂಕಕ್ಕೆ ಗೊತ್ತು. ತಳಕಿನ ಹುಡುಗನಿಗೆ ಕಾಲೇಜು ಇದೆಯೋ ಇಲ್ಲವೋ ಎಂಬುದು ಬೆಳಿಗ್ಗೆಯಾದರೂ ಯಾರಿಗೂ ಗೊತ್ತಿಲ್ಲ.

*

ವೇದಾವತಿಯ ಕಥೆ ಬೇರೆಯೇ. ನೀರು ಹುಟ್ಟುವುದು ಚಿಕ್ಕಮಗಳೂರಿನ ಗುಡ್ಡಗಳಲ್ಲಿ, ನಿಲ್ಲುವುದು ಹಿರಿಯೂರಿನ ವಾಣಿವಿಲಾಸ ಸಾಗರದಲ್ಲಿ, ಅಲ್ಲಿಂದ ಬಿಟ್ಟದ್ದು ಚಳ್ಳಕೆರೆ ತಾಲ್ಲೂಕಿಗೆ. 1907ಕ್ಕೆ ಕಟ್ಟಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್ 2ರಂದು. 89 ವರ್ಷ. ನದಿಪಾತ್ರದಲ್ಲಿ ನೀರನ್ನೇ ಕಾಣದೆ ಮುದುಕರಾದವರು ಇದ್ದ ತಾಲ್ಲೂಕಿನಲ್ಲಿ, ನದಿ ದಾಟಿ ಕಾಲೇಜಿಗೆ ಬರುವ ಮಕ್ಕಳಿಗೆ ಏನು ಹೇಳಬೇಕೆಂದು ಯಾವ ಮನೆಯಲ್ಲೂ ತಿಳಿದವರಿರಲಿಲ್ಲ. ಜನ ಟ್ರ್ಯಾಕ್ಟರು ಮಾಡಿಕೊಂಡು ನೀರು ನೋಡಲು ಹೋದರು. ಕಾಲೇಜಿನವರೂ ಹೋದರು. ಅದನ್ನು ತಪ್ಪೆನ್ನುವ ಎದೆ ನನಗಿಲ್ಲ.

ಮೂರನೆಯ ಸಲ ಕೋಡಿ ಬಿದ್ದದ್ದು 2025ರ ಜನವರಿಯಲ್ಲಿ. ಜನವರಿ! ಆಕಾಶದಲ್ಲಿ ಒಂದು ಮೋಡವಿಲ್ಲ, ಸಂಕ್ರಾಂತಿಯ ಚಳಿ, ಎಳ್ಳು-ಬೆಲ್ಲದ ದಿನಗಳು. ಭದ್ರೆಯಿಂದ ಹಾಯಿಸಿದ ನೀರು ಸೇರಿ ಜಲಾಶಯ ತುಂಬಿತ್ತು. ಹವಾಮಾನ ಇಲಾಖೆಯ ಯಾವ ಪಟ್ಟಿಗೂ ಇದು ಸಿಗುವುದಿಲ್ಲ. ಕೆಳಗಿನ ಊರಿಗೆ ಅಪಾಯ ಬರುವುದು ಮಳೆಯಿಂದಷ್ಟೇ ಎಂದು ಬರೆದಿಟ್ಟ ಯೋಜನೆ ಇಲ್ಲಿಗೆ ಸಾಲದು. ಕಾಲೇಜಿಗೆ ಬೇಕಾದದ್ದು ನೀರಾವರಿ ಇಲಾಖೆಯ ಫೋನು. ಆ ಫೋನು ಕಾಲೇಜಿಗೆ ಬರುವ ವ್ಯವಸ್ಥೆ ಇದೆಯೇ?

*

ಕರಡಿ. ಮೊಳಕಾಲ್ಮುರಿನ ಗುಡ್ಡಗಳಿಂದ ಆಗಾಗ ಊರಿಗೆ ಇಳಿಯುತ್ತದೆ. ಕರಡಿ ಬಂದ ಕಾರಣ ತರಗತಿ ನಡೆಯಲಿಲ್ಲ ಎಂದು ಬರೆಯಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ.

*

ಕಾಲೇಜು ಮುಚ್ಚುವವರು ಯಾರು ಎಂಬುದಕ್ಕೆ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ: ಬಸ್ಸು. ಬಸ್ ಬಂದರೆ ಕಾಲೇಜು ಉಂಟು, ಬರದಿದ್ದರೆ ಇಲ್ಲ. 2021ರ ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರು ಮುಷ್ಕರ ಹೂಡಿದಾಗ ರಜೆಯ ಆದೇಶ ಹೊರಡದೆಯೇ ತರಗತಿಗಳು ಬರಿದಾದವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಹುಡುಗಿಯರ ಓದು ಪೂರ್ತಿಯಾಗಿ ಕೆಂಪು ಬಸ್ಸಿನ ಚಕ್ರಕ್ಕೆ ಕಟ್ಟಿದೆ. ಒಳ್ಳೆಯದೇ. ಟಿಕೆಟ್ಟಿನ ಕಾಸಿಗೆ ಓದು ಬಿಡುತ್ತಿದ್ದವರು ಈಗ ಬರುತ್ತಿದ್ದಾರೆ. ಆದರೆ ಮಳೆಯ ದಿನ ಚಾಲಕ ಹಳ್ಳದ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ನೀರು ನೋಡಿ, ಬೀಡಿ ಹಚ್ಚಿ, "ಆಗಲ್ಲ ಬಿಡ್ರಿ" ಎಂದನೆಂದರೆ ಅದೇ ಆದೇಶ. ಅವನು ಕಾಯ್ದೆ ಓದಿಲ್ಲ, ಹಳ್ಳವನ್ನು ಓದಿದ್ದಾನೆ. ಜಿಲ್ಲೆಯಲ್ಲಿ ಸ್ಥಳ ಪರಿಶೀಲನೆ ಮಾಡಿ ತೀರ್ಮಾನಿಸುವ ಏಕೈಕ ಅಧಿಕಾರಿ ಅವನೇ ಇರಬೇಕು.

ಅವನ ತೀರ್ಮಾನ ಕಾಲೇಜಿಗೆ ತಲುಪುವುದಿಲ್ಲ, ಅಲ್ಲಿರುವುದು ತೊಡಕು. ಬಸ್ ನಿಂತ ಊರಿನ ಮಕ್ಕಳು ಗೈರುಹಾಜರು, ಬಸ್ ಓಡಿದ ಊರಿನವರು ಹಾಜರು. ಶೇಕಡ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮ ಇಬ್ಬರಿಗೂ ಒಂದೇ. ಮಳೆಗಾಲದ ಕೊನೆಯಲ್ಲಿ ಕೊರತೆ ಬಿದ್ದ ಹೆಸರುಗಳನ್ನು ಊರುವಾರು ಜೋಡಿಸಿ ನೋಡುವ ಉಪನ್ಯಾಸಕರು ಯಾರಾದರೂ ಇದ್ದರೆ, ತಾಲ್ಲೂಕಿನ ಸೇತುವೆ ಇಲ್ಲದ ಹಳ್ಳಗಳ ಪಟ್ಟಿ ಅವರಿಗೆ ಪುಕ್ಕಟೆ ಸಿಗುತ್ತದೆ.

*

ಸಿಡಿಲಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು. ಈ ಸೀಮೆಯಲ್ಲಿ ಹವೆಯಿಂದ ಪ್ರಾಣ ಹೋಗುವುದು ಹೆಚ್ಚಾಗಿ ಅದರಿಂದಲೇ ಎಂದು ನನ್ನ ಅನುಮಾನ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆಲ ಕಾದು ಹಂಚಾಗಿರುತ್ತದೆ. ಮೂರು ಗಂಟೆ ಮೀರಿದ ಮೇಲೆ ಮೋಡ ಕಟ್ಟುತ್ತದೆ, ನಾಲ್ಕರ ಸುಮಾರಿಗೆ ಗಾಳಿ ಏಳುತ್ತದೆ, ಆಮೇಲೆ ಗುಡುಗು. ಅಮೃತಮಹಲ್ ಕಾವಲಿನಂಥ ಬಟಾಬಯಲಿನಲ್ಲಿ ಎತ್ತರದ ವಸ್ತು ಎಂದರೆ ಕುರಿಗಾಹಿ ಇಲ್ಲವೇ ಅವನು ನಿಂತ ಮರ. ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಸಾಯುತ್ತಾರೆ. ಚಂಡಮಾರುತಕ್ಕೆ ಸಿಗುವ ಹೆಸರು ಮತ್ತು ಮೆರವಣಿಗೆ ಸಿಡಿಲಿಗೆ ಇಲ್ಲ.

ಕಾಲೇಜು ಬಿಡುವುದು ಯಾವಾಗ? ಮೂರೂವರೆ, ನಾಲ್ಕು. ಅಂದರೆ ಮೋಡಕ್ಕೂ ಕಾಲೇಜಿಗೂ ಒಂದೇ ವೇಳಾಪಟ್ಟಿ. ಇದರ ಮೇಲೆ ನಮ್ಮ ಒಳ್ಳೆಯತನ ಬೇರೆ. ಆಕಾಶ ಕಪ್ಪಾದ ಕೂಡಲೇ "ಮಕ್ಕಳು ಬೇಗ ಮನೆ ಸೇರಿಕೊಳ್ಳಲಿ" ಎಂದು ಅರ್ಧ ಗಂಟೆ ಮುಂಚೆಯೇ ಬಿಟ್ಟುಬಿಡುತ್ತಾರೆ. ಬಿಟ್ಟವರು ಹೋಗಿ ನಿಲ್ಲುವುದು ಎಲ್ಲಿ? ಹಾನಗಲ್ ಕ್ರಾಸಿನಂಥ ಕೂಡುರಸ್ತೆಗಳಲ್ಲಿ, ತಂಗುದಾಣ ಇಲ್ಲದ ಕಡೆ ಒಂಟಿ ಬೇವಿನ ಮರದ ಕೆಳಗೆ. ಗಟ್ಟಿ ಛಾವಣಿಯ ಕೆಳಗಿದ್ದವರನ್ನು ಕರುಣೆಯಿಂದ ಮರದ ಕೆಳಗೆ ಕಳಿಸಿದಂತಾಯಿತು.

ಕಾಲೇಜು ಮುಚ್ಚುವುದೇ ಸುರಕ್ಷಿತ ಎಂಬ ನಂಬಿಕೆ ನನ್ನಲ್ಲಿ ಅಲುಗಾಡಿದ್ದು ಇಲ್ಲಿ. ಕೆಲವು ವಿಪತ್ತುಗಳಲ್ಲಿ ಮುಚ್ಚಬೇಕು, ಕೆಲವದರಲ್ಲಿ ಮುಚ್ಚಬಾರದು, ಇದ್ದಲ್ಲೇ ಕೂರಿಸಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಬಯಲಿಗೆ ಇಳಿಯಬೇಡಿ ಎಂಬುದು ಜಗತ್ತಿನಾದ್ಯಂತ ಹೇಳುವ ಬುದ್ಧಿಮಾತು. ಅದಕ್ಕೆ ಜಿಲ್ಲಾಧಿಕಾರಿಯ ಸಹಿ ಬೇಡ, ವಿಶ್ವವಿದ್ಯಾಲಯದ ಸುತ್ತೋಲೆ ಬೇಡ. ಗೇಟಿನ ಬಳಿ ಒಬ್ಬ ಅಟೆಂಡರು ನಿಂತು "ಇರ್ರಪ್ಪಾ, ಸ್ವಲ್ಪ ತಡೀರಿ" ಎಂದರೆ ಸಾಕು. ಹತ್ತಿರ ಸಿಡಿಲು ಬೀಳುವ ಸೂಚನೆ ಕೊಡುವ ಆ್ಯಪ್‌ಗಳೂ ಇವೆ. ಉಸ್ತುವಾರಿ ಕೇಂದ್ರದ್ದು 'ಸಿಡಿಲು', ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದು 'ದಾಮಿನಿ'. ಪ್ರತಿ ತರಗತಿಯಲ್ಲಿ ನಲವತ್ತು ಫೋನುಗಳಿವೆ. ಕ್ರಿಕೆಟ್ ಸ್ಕೋರು ನೋಡಲು ಒಬ್ಬನನ್ನು ನೇಮಿಸಿಕೊಳ್ಳುವ ಹುಡುಗರಿಗೆ ಇದಕ್ಕೊಬ್ಬನನ್ನು ನೇಮಿಸುವುದು ಕಷ್ಟವಲ್ಲ.

ಸಂಜೆಯ ಬಸ್ಸು ಮಾತ್ರ ಅರ್ಧ ಗಂಟೆ ಕಾಯುವುದಿಲ್ಲ. ಮತ್ತೆ ಬಸ್ಸಿಗೇ ಬಂದು ನಿಂತೆ.

*

ಬಿಸಿಲು ವಿಪತ್ತೋ ಅಲ್ಲವೋ? ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ವಾಡಿಕೆಯೇ ಜಾಸ್ತಿ ಇರುವ ಊರಿಗೆ ಆ ಗೌರವ ಸುಲಭಕ್ಕೆ ಸಿಗದು.

ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ. ಬಳ್ಳಾರಿ ಆ ವಿಭಾಗಕ್ಕೆ ಸೇರಿದೆ. ಚಿತ್ರದುರ್ಗ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದೆ. ರಾಂಪುರ ದಾಟಿ ಸ್ವಲ್ಪ ಮುಂದೆ ಹೋದರೆ ಬಳ್ಳಾರಿಯ ಸೀಮೆ. ಗೆರೆಯ ಆ ಕಡೆ ಸರ್ಕಾರಕ್ಕೆ ಸೆಖೆಯಾಗುತ್ತದೆ, ಈ ಕಡೆ ಆಗುವುದಿಲ್ಲ. ಪೂರ್ವಕ್ಕೆ ತಿರುಗಿದರೆ ರಾಯದುರ್ಗ, ಆಂಧ್ರ. ಅಲ್ಲಿ ಮಾರ್ಚ್ ನಡುವಿಗೇ ಶಾಲೆಗಳು ಒಂದೇ ಹೊತ್ತಿಗೆ ಇಳಿಯುತ್ತವೆ. ಮೊಳಕಾಲ್ಮುರಿನ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಅತ್ತೆಯ ಮಗ ಮಧ್ಯಾಹ್ನಕ್ಕೆ ಮನೆಗೆ ಬಂದು ಮಲಗಿರುತ್ತಾನೆ, ಮಾವನ ಮಗಳು ತಗಡಿನ ಬಸ್‌ಸ್ಟ್ಯಾಂಡಿನಲ್ಲಿ ಮೂರರ ಬಿಸಿಲಿಗೆ ಬೇಯುತ್ತಿರುತ್ತಾಳೆ. ಬೆಂಗಳೂರಿನ ಗಾಳಿ ಬೆಂಗಳೂರು ವಿಭಾಗಕ್ಕೆಲ್ಲ ಬೀಸುತ್ತದೆ ಎಂದು ಯಾರೋ ತಿಳಿದಂತಿದೆ.

ಪದವಿ ಕಾಲೇಜಿನ ಸೆಮಿಸ್ಟರು ಬೇಸಿಗೆಯ ಒಳಗೂ ನುಗ್ಗುವುದರಿಂದ ಅವರಿಗೆ ಏಪ್ರಿಲ್ ರಜೆಯ ನೆರಳೂ ಗ್ಯಾರಂಟಿ ಇಲ್ಲ.

*

ಇನ್ನು ಬರ. ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗಲಿಬಿಲಿ.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಮರುವರ್ಷದ ಬೇಸಿಗೆ ರಜೆಯಲ್ಲಿ, ಏಪ್ರಿಲ್ 11ರಿಂದ ಮೇ 28ರವರೆಗೆ, ಬರದ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ನಡೆಸಲು ತೀರ್ಮಾನವಾಯಿತು. ಅಂದರೆ ಮಳೆ ಹೆಚ್ಚಾದರೆ ತೆರೆದಿರಬೇಕಾದ ದಿನ ಶಾಲೆ ಮುಚ್ಚುತ್ತದೆ, ಮಳೆ ಬಾರದಿದ್ದರೆ ಮುಚ್ಚಿರಬೇಕಾದ ದಿನ ಶಾಲೆ ತೆರೆಯುತ್ತದೆ. ಇದರಲ್ಲಿ ವಿವೇಕವಿದೆ, ತಕರಾರಿಲ್ಲ. ಹಸಿದ ಮಗುವಿಗೆ ಶಾಲೆಯ ಬಾಗಿಲು ತೆರೆಯುವುದು ಈ ಎಲ್ಲ ಆದೇಶಗಳಲ್ಲಿ ಅತ್ಯಂತ ಮನುಷ್ಯತ್ವದ ಆದೇಶ ಎಂದೇ ನನ್ನ ಮತ.

ಕಾಲೇಜಿಗೆ ಬಂದಾಗ ಈ ವಿವೇಕ ನಿಂತುಹೋಗುತ್ತದೆ. ಮಳೆಗೆ ಮುಚ್ಚುವ ಕಾಲೇಜು ಬರಕ್ಕೆ ಏನು ಮಾಡುತ್ತದೆ? ಏನೂ ಇಲ್ಲ. ಅದು ತೆರೆದೇ ಇರುತ್ತದೆ, ವಿದ್ಯಾರ್ಥಿ ಇರುವುದಿಲ್ಲ. ಶೇಂಗಾ ಕೈಕೊಟ್ಟ ವರ್ಷ ಅಪ್ಪ-ಅಮ್ಮ ಗುಳೆ ಹೊರಟರೆ ಮಗನೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೊರಡುತ್ತಾನೆ. ಪರೀಕ್ಷೆಯ ಹೊತ್ತಿಗೆ ಬಂದರೆ ಬಂದ. ಅವನ ಹೆಸರಿನ ಮುಂದೆ ಬೀಳುವುದು ಗೈರುಹಾಜರಿಯ ಗುರುತು. ಹಳ್ಳ ತುಂಬಿದ ಎರಡು ದಿನಕ್ಕೆ ರಜೆ ಎಂಬ ಹೆಸರುಂಟು, ಮೋಡ ತಪ್ಪಿದ ಆರು ತಿಂಗಳಿಗೆ ಯಾವ ಹೆಸರೂ ಇಲ್ಲ. ಈ ಎರಡು ತಾಲ್ಲೂಕುಗಳ ಕಾಲೇಜುಗಳನ್ನು ನಿಜವಾಗಿ ಮುಚ್ಚಿಸುವ ಹವೆ ಇದೇ, ಮತ್ತು ಇದಕ್ಕೆ ಯಾವ ಜಿಲ್ಲಾಧಿಕಾರಿಯ ಆದೇಶವೂ ಬೇಕಾಗಿಲ್ಲ.

*

ಒಂದು ವಾರ ಎಂದರೆ ಎಷ್ಟು? 2020ರ ಮಾರ್ಚ್ 13ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಒಂದು ವಾರ ಎಲ್ಲ ಬಂದ್ ಎಂದರು. ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಹಟ್ಟಿಯ ಹುಡುಗರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು, ನೀರಿನ ಟ್ಯಾಂಕು ಹತ್ತಿದರು. ಹಿಂದೆ ಪ್ಲೇಗು ಬಂದಾಗ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕುತ್ತಿತ್ತಂತೆ. ಈ ಸಲ ಓದು ಮಾತ್ರ ಊರ ಹೊರಗೆ ಹೋಯಿತು.

2022ರ ಫೆಬ್ರುವರಿಯಲ್ಲಿ ಕರಾವಳಿಯಲ್ಲಿ ಹತ್ತಿದ ಸಮವಸ್ತ್ರದ ವಿವಾದ ಬೇರೆ ಜಿಲ್ಲೆಗಳಿಗೂ ಹಬ್ಬಿದಾಗ ಮುಖ್ಯಮಂತ್ರಿ ಬೊಮ್ಮಾಯಿಯವರು 8ನೇ ತಾರೀಕು ಮೂರು ದಿನ ಪ್ರೌಢಶಾಲೆ ಮತ್ತು ಕಾಲೇಜುಗಳನ್ನು ಮುಚ್ಚಿಸಿದರು. ಆ ಸುದ್ದಿ ನಮ್ಮ ಕಡೆಯ ಕೊನೆಯ ಹಳ್ಳಿಗೂ ಅದೇ ಸಂಜೆ ಮುಟ್ಟಿತ್ತು. ಬೇಕೆಂದರೆ ಸುದ್ದಿ ಸಂಜೆಯೇ ಮುಟ್ಟುತ್ತದೆ ಎಂಬುದಕ್ಕೆ ಇದೊಂದು ಪುರಾವೆ.

*

ಅಮೆರಿಕದಲ್ಲಿ ಓದುವ ನಮ್ಮ ಕಡೆಯ ಮಕ್ಕಳ ಫೋನಿಗೆ ಹಿಮ ಬೀಳುವ ದಿನ ಬೆಳಗಿನ ಜಾವವೇ ಕಾಲೇಜಿನಿಂದ ಸಂದೇಶ ಬಂದಿರುತ್ತದೆ. ತಡ, ರದ್ದು, ಆನ್‌ಲೈನ್, ಮೂರರಲ್ಲಿ ಒಂದು. ಅಲ್ಲಿಯೂ ಇದು ಪುಕ್ಕಟೆ ಬಂದ ಶಿಸ್ತಲ್ಲ. 1986ರಲ್ಲಿ ಹಾಸ್ಟೆಲಿನಲ್ಲೇ ಕೊಲೆಯಾದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ತಂದೆ-ತಾಯಿ ಹೋರಾಡಿ 1990ರಲ್ಲಿ ಕಾನೂನು ತಂದರು. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಬಂದೂಕುಧಾರಿ 32 ಜನರನ್ನು ಕೊಂದ ಮೇಲೆ, ಅಪಾಯ ಖಚಿತವಾದ ಕೂಡಲೇ ಕಾಲೇಜು ತಾನೇ ಎಲ್ಲರಿಗೂ ತಿಳಿಸಲೇಬೇಕು ಎಂಬುದೂ ಅದಕ್ಕೆ ಸೇರಿತು. ಹೊಣೆ ಕಾಲೇಜಿನದು ಎಂದು ಬರೆದಿದ್ದಾರೆ, ಮೇಲಿನವರ ಅಪ್ಪಣೆ ಬರಲಿ ಎಂದು ಕಾಯುವಂತಿಲ್ಲ. ಹಿಮ ನಮಗೆ ಬೇಡ, ಬಂದೂಕಂತೂ ಬೇಡವೇ ಬೇಡ. ಆ ಒಂದು ಸಾಲು ಬೇಕಾಗಿತ್ತು.

*

ಚಳ್ಳಕೆರೆಯ ಆಕಾಶ ಈಗ ಬರೀ ಮೋಡದ್ದಲ್ಲ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ, ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2019ರ ಸೆಪ್ಟೆಂಬರ್ 17ರಂದು ಪರೀಕ್ಷೆಗೆ ಹಾರಿದ ಚಾಲಕರಹಿತ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ತೋಟದಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಊರೇ ನೋಡಲು ನೆರೆಯಿತು. ಇಸ್ರೊದ ರೆಕ್ಕೆಯ ನೌಕೆ 'ಪುಷ್ಪಕ್' 2024ರಲ್ಲಿ ಎರಡು ಸಲ ಇಲ್ಲಿ ತಾನಾಗಿಯೇ ನೆಲಕ್ಕಿಳಿದು ಓಡುದಾರಿಯ ನಡುಗೆರೆಯ ಮೇಲೆ ನಿಂತಿತು. ಗಾಳಿಯ ವೇಗ, ದಿಕ್ಕು, ಎತ್ತರ ಎಲ್ಲವನ್ನೂ ಲೆಕ್ಕ ಹಾಕಿ ಇಳಿಸಿದ್ದು. ಬೇಲಿಯ ಒಳಗೆ ಇಷ್ಟು ಕರಾರುವಾಕ್ಕು. ಬೇಲಿಯ ಹೊರಗೆ ರಸ್ತೆಬದಿಯಲ್ಲಿ ಪುಸ್ತಕ ತಲೆಯ ಮೇಲಿಟ್ಟುಕೊಂಡು ನಿಂತ ಹುಡುಗಿ ಪಕ್ಕದವಳನ್ನು ಕೇಳುತ್ತಾಳೆ: "ಲೇ, ರಜೆ ಬಿಟ್ಟವ್ರಂತಾ?"

*

ಪರಿಹಾರ ಬರೆಯುವುದು ಟಿಪ್ಪಣಿ ಬರೆಯುವವನ ಕೆಲಸವಲ್ಲ. ಆದರೂ ಆದೇಶಗಳ ಕರಡು ಬರೆಯುವ ಗುಮಾಸ್ತರಲ್ಲಿ ಯಾರಾದರೂ ಇದನ್ನು ಓದುವ ಸಂಭವವಿದೆ, ಅದಕ್ಕಾಗಿ ಇಷ್ಟು. ರಜೆಯನ್ನು ತಾಲ್ಲೂಕುವಾರು ಕೊಡಿ. ಪದವಿ ಕಾಲೇಜು ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಹಿಂದಿನ ಸಂಜೆ ಎಂಟರೊಳಗೆ ಕಳಿಸಿ, ಆಮೇಲೆ ಪರಿಸ್ಥಿತಿ ಕೆಟ್ಟರೆ ತೀರ್ಮಾನವನ್ನು ತಹಶೀಲ್ದಾರರಿಗೂ ಪ್ರಾಂಶುಪಾಲರಿಗೂ ಬಿಟ್ಟುಕೊಡಿ. ಬಸ್ ಬಾರದ ಊರಿನ ಮಕ್ಕಳಿಗೆ ಆ ದಿನದ ಹಾಜರಾತಿ ಕೊಡಿಸಿ. ಪ್ರಾಂಶುಪಾಲರಲ್ಲೂ ಒಂದು ಮನವಿ, ಇದಕ್ಕೆ ಯಾರ ಅಪ್ಪಣೆಯೂ ಬೇಡ: ಗುಡುಗುವಾಗ ದಯವಿಟ್ಟು ಮಕ್ಕಳನ್ನು ಬೇಗ ಬಿಡಬೇಡಿ.